ಎಲೆಗೆ ಬಾಯಿದೆ ಎಂದವರು

ಊಟಕ್ಕೆ ಕೂತವರು ಬಡಿಸುವ ಮೊದಲು ಬಾಳೆಎಲೆಯನ್ನು ಮಗುಚಿ ಅದರ ಬೆನ್ನು ನೋಡುವುದನ್ನು ನಾನು ಜೀವಮಾನದಲ್ಲಿ ಒಬ್ಬರಲ್ಲಿ ಮಾತ್ರ ಕಂಡಿದ್ದೇನೆ. ಅದು ನಮ್ಮ ಹೆಡ್ಮಾಸ್ಟರ ಮಗಳ ಮದುವೆ. ಹೆಂಗಸರ ಪಂಕ್ತಿ ನಮ್ಮ ಎದುರಿಗಿತ್ತು. ನೀರು ಚಿಮುಕಿಸಿ ಒರೆಸಿಟ್ಟ ಎಲೆಯನ್ನು ಅವರು ಎರಡೂ ಕೈಯಲ್ಲಿ ಎತ್ತಿ, ಚಪ್ಪರದ ಸಂದಿಯಿಂದ ಇಳಿಯುತ್ತಿದ್ದ ಬಿಸಿಲಿಗೆ ಹಿಡಿದು, ತಿರುವಿ, ಮೂಗಿನ ತುದಿಗೆ ತಂದು ನೋಡತೊಡಗಿದರು. ಉಪ್ಪು ಬಡಿಸಲು ಬಂದ ಹುಡುಗ ಚಮಚ ಹಿಡಿದು ಹಾಗೇ ನಿಂತ. ಹೆಣ್ಣಿನ ಕಡೆಯ ಹಿರಿಯರೊಬ್ಬರಿಗೆ ಮೈಯೆಲ್ಲ ಉರಿಯಿತು. "ಯಾಕಮ್ಮಾ, ನಮ್ಮೆಲೇಲಿ ಏನಾದ್ರೂ ಕೊಳೆ ಕಾಣ್ತಾ ಇದ್ಯಾ?" ಎಂದರು. ಇವರು ಸಂತೋಷದಿಂದ, "ಇಲ್ಲ ಕಣ್ರೀ, ತುಂಬಾ ಚೆನ್ನಾಗಿದೆ! ಬೆನ್ನ ಮೇಲೆ ಬೂದಿ ಬಳಿದ ಹಾಗಿದೆ ನೋಡಿ, ಅದು ಮೇಣ. ಅದಕ್ಕೇ ನೀರು ನಿಲ್ಲಲ್ಲ" ಎಂದು ಎಲೆಯನ್ನು ಅವರ ಮುಖದ ಹತ್ತಿರಕ್ಕೇ ಒಯ್ದರು. ಆ ಹಿರಿಯರು ಮುಂದೆ ಪಾಯಸ ಬರುವವರೆಗೂ ಬಾಯಿ ಬಿಡಲಿಲ್ಲ. ನಾನು ತಲೆ ತಗ್ಗಿಸಿಕೊಂಡು ಕೋಸಂಬರಿ ತಿಂದೆ.

ಅವರು ನಮ್ಮ ಹೈಸ್ಕೂಲಿನ ವಿಜ್ಞಾನದ ಉಪಾಧ್ಯಾಯಿನಿ. ನಾನು ಅದೇ ಶಾಲೆಯ ಕನ್ನಡ ಪಂಡಿತ. ಶಾಲೆ ಇದ್ದದ್ದು ಯಲಹಂಕದ ಹಳೇ ಊರಿನ ಅಂಚಿನಲ್ಲಿ. ಐವತ್ತರ ದಶಕ ಮುಗಿದು ಅರವತ್ತು ಹಿಡಿಯುತ್ತಿದ್ದ ಕಾಲ. ಮಕ್ಕಳು ಅವರ ಬೆನ್ನ ಹಿಂದೆ ‘ಎಲೆ ಮಿಸ್ಸು’ ಎನ್ನುತ್ತಿದ್ದರು, ಅದು ಅವರಿಗೂ ಗೊತ್ತಿತ್ತು. ನಿವೃತ್ತಿಯಾದ ಮೇಲೆ ಅವರು ಅಣ್ಣನ ಮನೆಗೆಂದು ಚಿಕ್ಕಬಳ್ಳಾಪುರದ ಕಡೆ ಹೋದರು. ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ವರ್ಷವೇ ಕಳೆದಿತ್ತು. ಅತ್ತರೂ ಹೊತ್ತಲ್ಲದ ಹೊತ್ತಿನ ಅಳು ಎನಿಸಿ ಸುಮ್ಮನಾದೆ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. "ಗಿಡದ ಹೆಸರು ಹೇಳ್ಬಿಟ್ರೆ ಮಕ್ಕಳು ಗಿಡ ನೋಡೋದನ್ನೇ ನಿಲ್ಲಿಸ್ತಾರೆ ಪಂಡಿತರೇ. ಮೊದಲು ನೋಡ್ಲಿ, ಹೆಸರು ಆಮೇಲೆ" ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ಅವರ ವಿಷಯದಲ್ಲೂ ಅದೇ ಕ್ರಮ ಇರಲಿ.

ಅವರ ಮನೆ ಮತ್ತಿಕೆರೆಯಲ್ಲಿತ್ತು. ಮತ್ತಿಕೆರೆ ಆಗ ಹಳ್ಳಿಯೇ. ಅಲ್ಲಿಂದ ಯಶವಂತಪುರದ ಸ್ಟೇಷನ್ನಿಗೆ ನಡೆದು ಬಂದು ಹೊಗೆಬಂಡಿ ಹತ್ತಿ ಯಲಹಂಕಕ್ಕೆ ಇಳಿಯುತ್ತಿದ್ದರು. ಕೈಯಲ್ಲಿ ಒಂದು ಕರಿಯ ಕೊಡೆ. ಆ ಕೊಡೆ ಬಿಚ್ಚಿದ್ದನ್ನು ನಾನು ಮಳೆಗಾಲದಲ್ಲೂ ಕಂಡಿಲ್ಲ, ಏಕೆಂದರೆ ಅದರ ಮಡಿಕೆಗಳ ತುಂಬ ಎಲೆಗಳಿರುತ್ತಿದ್ದವು. ದಾರಿಯ ಹೊಂಗೆ, ಬೇಲಿಯ ಔಡಲ, ಹಳಿಯ ಪಕ್ಕದ ಎಕ್ಕ, ಹೀಗೆ. ಒಮ್ಮೆ ಟಿಕೆಟ್ ಕೇಳುವವನಿಗೆ ಸಂಶಯ ಬಂದು ಕೊಡೆ ಬಿಚ್ಚಿಸಿದನಂತೆ. ಎಲೆಗಳೆಲ್ಲ ಅವನ ಬೂಟಿನ ಮೇಲೆ ಸುರಿದವು. ಅಷ್ಟಕ್ಕೇ ಅವನನ್ನು ಬಿಟ್ಟರೆ? ಒಂದೊಂದನ್ನೂ ಅವನ ಕೈಯಿಂದಲೇ ಆರಿಸಿ ಎತ್ತಿಸಿ, ಎಕ್ಕದ ಎಲೆಯ ಮೇಲಿನ ಬಿಳಿ ನವಿರು ಯಾಕೆ ಬೇಕೆಂದು ಹೇಳಿ, ರೈಲು ಹೊರಡುವವರೆಗೂ ಪಾಠ ಮಾಡಿದರಂತೆ. ಆಮೇಲಿಂದ ಅವನು ಇವರನ್ನು ಕಂಡರೆ ಪಕ್ಕದ ಡಬ್ಬಿಗೆ ಹೋಗುತ್ತಿದ್ದ.

ಅವರಿಗೆ ಆಗ ನಲವತ್ತರ ಆಚೆಯ ವಯಸ್ಸಿರಬೇಕು. ಎತ್ತರದ ಆಳು, ಸ್ವಲ್ಪ ಮುಂದಕ್ಕೆ ಬಾಗಿದ ನಡಿಗೆ. ಮಾತಾಡುವಾಗ ಎದುರಿನವರ ಮುಖಕ್ಕಿಂತ ಅವರ ಹಿಂದಿರುವ ಗಿಡದ ಮೇಲೆ ಕಣ್ಣು. ಶಾಲೆಯ ಹಿತ್ತಿಲಿನಲ್ಲಿ ಒಂದು ಒಡಕು ತೊಟ್ಟಿಯಲ್ಲಿ ಅರಳಿ ಎಲೆಗಳನ್ನು ನೆನೆಹಾಕಿ ಕೊಳೆಸುತ್ತಿದ್ದರು. ಒಂದು ಬೇಸಿಗೆಯಲ್ಲಿ ನಾತ ತಡೆಯಲಾರದೆ ಹೆಡ್ಮಾಸ್ಟರು ಹೆಗ್ಗಣ ಸತ್ತಿದೆಯೆಂದು ಹೆಂಚು ತೆಗೆಸಿ ನೋಡಿದರು. ಇವರು ತುಟಿ ಪಿಟಕ್ಕೆನ್ನಲಿಲ್ಲ. ಕೊಳೆತದ್ದನ್ನೆಲ್ಲ ನೀರಿನಲ್ಲಿ ಮೆಲ್ಲಗೆ ತೊಳೆದಾಗ ಉಳಿದದ್ದು ಜರತಾರಿಗಿಂತ ನವುರಾದ ನರಗಳ ಬಲೆ. ಅದನ್ನು ಕಿಟಕಿಗೆ ಹಿಡಿದು, "ನೋಡ್ರೋ, ಊರಿಗೆ ಕೊಳಾಯಿ ಎಳೆದ ಹಾಗೆ. ದೊಡ್ಡ ಪೈಪು, ಸಣ್ಣ ಪೈಪು, ಮನೆಮನೆಗೂ ಒಂದೊಂದು. ಬರೋ ನೀರಿಗೆ ಒಂದು ದಾರಿ, ಹೋಗೋ ಸಕ್ಕರೆಗೆ ಇನ್ನೊಂದು" ಎಂದರು. ನಮ್ಮ ಬೀದಿಗೆ ಆಗಿನ್ನೂ ಕೊಳಾಯಿ ಬಂದಿರಲಿಲ್ಲ. ಅರಳಿ ಎಲೆಗೆ ನಮಗಿಂತ ಮೊದಲೇ ಬಂದಿದೆಯಲ್ಲ ಎಂದು ನಾನು ಬಾಗಿಲಲ್ಲಿ ನಿಂತು ಅಣಕಿಸಿದೆ. "ಬನ್ನಿ, ಒಳಗೆ ಬಂದು ನಗಿ" ಎಂದರು.

ನಮ್ಮಿಬ್ಬರ ಜಗಳ ಯಾವಾಗಲೂ ಮಾತಿನ ಮೇಲೆ, ಅಂದರೆ ಪದಗಳ ಮೇಲೆ. ಆಗ ವಿಜ್ಞಾನವನ್ನು ಕನ್ನಡದಲ್ಲಿ ಹೇಳಿಕೊಡುವ ಉತ್ಸಾಹ ಹೊಸದು. ಪದಗಳು ಮಾತ್ರ ಸಾಲುತ್ತಿರಲಿಲ್ಲ. ಅವರು ಬಿಡುವಿನ ವೇಳೆಯಲ್ಲಿ ನನ್ನ ಮೇಜಿನ ಹತ್ತಿರ ಬಂದು, "ಪಂಡಿತರೇ, ಒಂದು ಪದ ಕೊಡಿ" ಎನ್ನುವರು. ನಾನು ಸಂಸ್ಕೃತದ ಮೂಟೆ ಬಿಚ್ಚಿ ಭಾರವಾದದ್ದೊಂದನ್ನು ತೆಗೆದು ಕೊಡುವೆ. ಅವರು ಅದನ್ನು ನಾಲಿಗೆಯ ಮೇಲಿಟ್ಟು ನೋಡಿ, "ಇದು ಬೆಂದಿಲ್ಲ" ಎಂದು ವಾಪಸು ಕೊಡುವರು. ನನಗೆ ಕೋಪ ಬರುತ್ತಿತ್ತು. ಎಲೆಯ ಹಸುರಿಗೆ ನಾನು ಕೊಟ್ಟ ‘ಪತ್ರಹರಿತ್ತು’ ಒಂದನ್ನು ಹೇಗೋ ಒಪ್ಪಿಕೊಂಡರು. ಅದೂ ಪರೀಕ್ಷೆಯಲ್ಲಿ ಬರೆಯುವುದಕ್ಕೆ ಮಾತ್ರ. ತರಗತಿಯಲ್ಲಿ ‘ಹಸುರು’ ಎಂದೇ ಹೇಳುತ್ತಿದ್ದರು.

ಎಲೆಯ ಬೆನ್ನಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆಯಲ್ಲ, ಗಾಳಿ ಒಳಗೆ ಹೊರಗೆ ಆಡುವಂಥವು, ದೊಡ್ಡ ಜಗಳ ನಡೆದದ್ದು ಅವುಗಳ ಬಗ್ಗೆ. ನಾನು ‘ಪತ್ರರಂಧ್ರ’ ಎಂದೆ. "ರಂಧ್ರ ಅಂದ್ರೆ ನಮ್ಮ ಮಕ್ಕಳಿಗೆ ತೂತು. ಎಲೇಲಿ ತೂತು ಅಂದ್ರೆ ಹುಳ ತಿಂದಿದ್ದು ಅಂದ್ಕೋತಾರೆ" ಎಂದರು. ಹಾಗಾದರೆ ನೀವೇ ಹೇಳಿ ಎಂದೆ. ಅವರು ಹೆಡ್ಮಾಸ್ಟರ ಬೀರುವಿನಿಂದ ಶಾಲೆಗೆ ಇದ್ದೊಂದು ಸೂಕ್ಷ್ಮದರ್ಶಕವನ್ನು ಹೊರಗೆ ತೆಗೆಸಿದರು. ಅಂಗಳದ ಲಿಲ್ಲಿ ಎಲೆಯ ಬೆನ್ನಿನಿಂದ ಈರುಳ್ಳಿಯ ಪೊರೆಯಂಥ ತೆಳು ಸಿಪ್ಪೆ ಸುಲಿದು ಗಾಜಿನ ಮೇಲೆ ಹರಡಿ, "ನೋಡಿ" ಎಂದರು. ಒಂದು ಕಣ್ಣು ಮುಚ್ಚಿ ನೋಡಿದೆ. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಎರಡೆರಡು ಹಿದಕಿದ ಅವರೆಕಾಳು ಎದುರುಬದುರು ಕೂತಂತೆ, ನಡುವೆ ಒಂದು ಸೀಳು. ಎಲ್ಲಿ ನೋಡಿದರೂ ಅವೇ. ಕೆಲವು ತೆರೆದಿದ್ದವು, ಕೆಲವು ಮುಚ್ಚಿದ್ದವು. ನಾನು ಬಹಳ ಹೊತ್ತು ತಲೆ ಎತ್ತಲಿಲ್ಲ. "ಏನ್ ಕಾಣ್ತು?" ಎಂದರು. ಹೇಳಲು ನನ್ನಲ್ಲಿ ಪದವಿರಲಿಲ್ಲ. "ಬಾಯಿ ಅಲ್ವೇನ್ರೀ?" ಎಂದು ಅವರೇ ನಕ್ಕರು. "ಎರಡು ತುಟಿ, ಮಧ್ಯೆ ಬಾಯಿ. ಇದಕ್ಕೆ ಬಾಯಿ ಅನ್ನದೆ ಇನ್ನೇನನ್ನಲಿ?"

ಅಂದಿನಿಂದ ನಮ್ಮ ಶಾಲೆಯಲ್ಲಿ ಎಲೆಗೆ ಬಾಯಿ ಬಂತು. ‘ಎಲೆಯ ಬೆನ್ನಿನಲ್ಲಿ ಸಾವಿರಾರು ಬಾಯಿಗಳಿವೆ’ ಎಂದು ಅವರು ಪಾಠ ಶುರುಮಾಡಿದರೆ ಹಿಂದಿನ ಬೆಂಚಿನ ಹುಡುಗರೂ ಮುಂದಕ್ಕೆ ಬಾಗುತ್ತಿದ್ದರು. ಮೇಲೆ ವಾಯುನೆಲೆಯ ವಿಮಾನ ಹಾರಿದರೆ ಮಾತು ಕೇಳಿಸದು. ಆಗ ಬೆರಳೆತ್ತಿ ನಿಂತು, ಸದ್ದು ಕಳೆದ ಮೇಲೆ ನಿಲ್ಲಿಸಿದ ಅಕ್ಷರದಿಂದಲೇ ಮುಂದುವರಿಸುವರು. ನಾನು ಅಷ್ಟು ಹೊತ್ತಿಗೆ ಕಲಿತ ವಿದ್ಯೆಯನ್ನು ಮೆರೆಯೋಣವೆಂದು ಒಂದು ಭಾನುವಾರ ಹೆಬ್ಬಾಳದ ಕೆರೆ ಏರಿಯ ಮೇಲೆ ಅವರು ಸಿಕ್ಕಾಗ, "ಬಾಯಿ ಯಾವಾಗಲೂ ಬೆನ್ನಿಗೇ ಅಲ್ಲವೆ?" ಎಂದೆ. ಅವರು ಕೆರೆಯಲ್ಲಿ ತೇಲುತ್ತಿದ್ದ ನೈದಿಲೆಯ ಎಲೆ ತೋರಿಸಿದರು. "ಇದರ ಬೆನ್ನು ನೀರಿನಲ್ಲಿ ಮುಳುಗಿದೆ ಪಂಡಿತರೇ. ಅಲ್ಲಿ ಬಾಯಿ ಇಟ್ಟು ಏನ್ ಮಾಡತ್ತೆ ಪಾಪ? ಇದಕ್ಕೆ ಮೇಲೇ ಇರೋದು." ಒಂದೇ ಒಂದು ಸಲವೂ ನನಗೆ ಗೆಲ್ಲಲು ಬಿಡಲಿಲ್ಲ ಆ ಮಹಾತಾಯಿ.

ಈ ಬಾಯಿಯಿಂದಲೇ ಅವರಿಗೆ ಒಂದು ವರ್ಷ ದೊಡ್ಡ ಸಂಕಟ ಬಂತು. ಅವರನ್ನು ನಾನು ಸರಿಯಾಗಿ ಅರಿತದ್ದೂ ಆಗಲೇ.

ಕೋಗಿಲಿನಿಂದ ಮುನಿಲಕ್ಷ್ಮಿ ಎಂಬ ಹುಡುಗಿ ನಮ್ಮ ಹೈಸ್ಕೂಲಿಗೆ ನಡೆದು ಬರುತ್ತಿದ್ದಳು. ಆ ಊರಿನಿಂದ ಬರುತ್ತಿದ್ದ ಹೆಣ್ಣುಮಗಳು ಅವಳೊಬ್ಬಳೇ. ಅವಳ ಅಪ್ಪ ಗೌಡರಿಗೆ ಬಾವಿಯ ಪಕ್ಕದಲ್ಲಿ ದ್ರಾಕ್ಷಿ ತೋಟ. ನಮ್ಮ ಕಡೆಯ ಕಪ್ಪು ನೀಲಿ ದ್ರಾಕ್ಷಿ, ಕಲ್ಲುಕಂಬ ನೆಟ್ಟು ತಂತಿ ಎಳೆದು ಚಪ್ಪರಕ್ಕೆ ಹಬ್ಬಿಸಿದ್ದು. ಗೌಡರದು ಒಂದು ವಿಶೇಷ. ಮಗಳು ಸಂಜೆ ಮನೆಗೆ ಬಂದರೆ, ಎತ್ತಿಗೆ ಹುಲ್ಲು ಹಾಕುತ್ತಲೇ, "ಇವತ್ತೇನು ಏಳ್ಕೊಟ್ರು?" ಎಂದು ಕೇಳಿ ಪೂರ್ತಿ ಹೇಳಿಸಿಕೊಳ್ಳುತ್ತಿದ್ದರು. ತಾವು ಓದದವರು. ಮಗಳು ಓದಿದ್ದು ವ್ಯರ್ಥವಾಗಬಾರದು ಎಂಬುದು ಅವರ ಲೆಕ್ಕ.

ಅವರೆಕಾಯಿಯ ಕಾಲದಲ್ಲಿ ಎಲೆಯ ಪಾಠ ಆಯಿತು. ಮುನಿಲಕ್ಷ್ಮಿ ಮನೆಗೆ ಹೋಗಿ ಎಲೆಯ ಬೆನ್ನಿನಲ್ಲಿ ಸಾವಿರಾರು ಬಾಯಿಗಳಿವೆ ಎಂದು ಅಕ್ಷರ ಬಿಡದೆ ಒಪ್ಪಿಸಿದಳು. ಗೌಡರು ತೋಟಕ್ಕೆ ಹೋಗಿ ಚಪ್ಪರದ ಕೆಳಗೆ ನಿಂತು ತಲೆ ಎತ್ತಿ ನೋಡಿದರು. ಕಾಯಿ ಕಟ್ಟಿದ ಗೊಂಚಲುಗಳು, ಅವುಗಳ ಮೇಲೆ ತೆಕ್ಕೆ ತೆಕ್ಕೆ ಎಲೆ. ಒಂದೊಂದಕ್ಕೂ ಸಾವಿರ ಬಾಯಿ. ಇಷ್ಟು ಬಾಯಿ ತಿನ್ನುತ್ತಾ ಕೂತರೆ ಹಾಕಿದ ಗೊಬ್ಬರದಲ್ಲಿ ಕಾಯಿಗೆ ಉಳಿಯುವುದೇನು? ಮನೆಯವರನ್ನೆಲ್ಲ ಇಳಿಸಿ, ಗೊಂಚಲು ಮಾತ್ರ ಬಿಟ್ಟು, ಎಲೆಗಳನ್ನೆಲ್ಲ ಕೀಳಿಸಿ ಎಮ್ಮೆಗೆ ಹಾಕಿದರು.

ಇದು ನಮಗೆ ತಿಳಿದದ್ದು ಶಿವರಾತ್ರಿಯ ಹೊತ್ತಿಗೆ. ಮುನಿಲಕ್ಷ್ಮಿ ಬರುವುದು ನಿಂತಿತ್ತು. ಜ್ವರವಿರಬೇಕೆಂದುಕೊಂಡೆವು. ಕೋಗಿಲಿನ ಇನ್ನೊಬ್ಬ ಹುಡುಗ ನಗು ತಡೆದುಕೊಳ್ಳುತ್ತಾ ಹೇಳಿದ: "ಅವ್ಳನ್ನ ಅವ್ರಪ್ಪ ಬಿಡ್ಸವ್ರೆ ಮಿಸ್. ಎಲೆಗೆ ಬಾಯಿ ಐತೆ ಅಂತ ಕಿತ್ತಾಕುದ್ರಲ್ಲ, ಕಾಯೆಲ್ಲ ಅಂಗೇ ನಿಂತೋಗೈತೆ. ಬಣ್ಣಾನೂ ಇಲ್ಲ, ಸೀಯೂ ಇಲ್ಲ. ಊರೆಲ್ಲಾ ಅವ್ರನ್ನ ಬಾಯಿ ಗೌಡ ಅಂತಾವ್ರೆ."

ತರಗತಿ ಘೊಳ್ಳೆಂದಿತು. ಅವರು ನಗಲಿಲ್ಲ. ಆ ಸಂಜೆ ಯಲಹಂಕದ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೊಡೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಸಮಾಧಾನ ಹೇಳಲು ಹೋದೆ. ‘ಪತ್ರರಂಧ್ರ’ ಎಂದಿದ್ದರೆ ಯಾರೂ ಎಲೆ ಕೀಳುತ್ತಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅವರ ಮುಖ ನೋಡಿ ನುಂಗಿಕೊಂಡೆ. "ರಂಧ್ರ ಅಂದಿದ್ರೆ ಅವಳು ಮನೇಲಿ ಹೇಳ್ತಾನೇ ಇರ್ಲಿಲ್ಲ ಪಂಡಿತರೇ," ಎಂದು ಅವರೇ ಆ ಮಾತಿಗೆ ಉತ್ತರ ಕೊಟ್ಟರು. "ಬಾಯಿ ಅಂದಿದ್ದಕ್ಕೆ ಹೇಳಿದ್ಲು. ಅವರು ನಂಬಿದ್ರು. ತೋಟ ಮುಂದಿನ ವರ್ಷ ಚಿಗುರತ್ತೆ. ಆ ಹುಡುಗಿ ಒಂದ್ಸಲ ಸ್ಕೂಲು ಬಿಟ್ರೆ ಮತ್ತೆ ಬರಲ್ಲ. ಶನಿವಾರ ಬೆಳಗಿನ ಸ್ಕೂಲು ಮುಗಿದ ಮೇಲೆ ಹೋಗಿ ಬರೋಣ, ಬರ್ತೀರಾ?"

ಶನಿವಾರ ಇಬ್ಬರೂ ಬಿಸಿಲಿನಲ್ಲಿ ಕೋಗಿಲಿಗೆ ನಡೆದೆವು. ಅವರ ಚೀಲದಲ್ಲಿ ಸ್ಪಿರಿಟ್ ದೀಪ, ಗಾಜಿನ ಬಟ್ಟಲು, ಅಯೋಡಿನ್ನಿನ ಸೀಸೆ. ಎಲೆಯಲ್ಲಿ ಆಹಾರ ತಯಾರಾಗುತ್ತದೆ ಎಂಬುದನ್ನು ಕಣ್ಣಾರೆ ತೋರಿಸಿಬಿಡುವ ಆಸೆ. ಗೌಡರು ಜಗಲಿಯ ಮೇಲೆ ಕೂತಿದ್ದರು. ಎದ್ದು ನಿಂತು, ಚಾಪೆ ಹಾಸಿಸಿ, ಮರ್ಯಾದೆಯಲ್ಲಿ ಒಂದು ಗುಲಗಂಜಿ ಕಡಿಮೆ ಮಾಡಲಿಲ್ಲ. ಮುಖ ಮಾತ್ರ ಕಲ್ಲು. ಮುನಿಲಕ್ಷ್ಮಿ ಬಾಗಿಲ ಹಿಂದೆ ಇದ್ದಳು, ಲಂಗದ ಅಂಚು ಕಾಣುತ್ತಿತ್ತು.

ಅವರು ಜಗಲಿಯ ಮೇಲೇ ಪ್ರಯೋಗ ಹೂಡಿದರು. ಅಂಗಳದ ದಾಸವಾಳದ ಎಲೆಯನ್ನು ನೀರಿನಲ್ಲಿ ಬೇಯಿಸಿ, ಸ್ಪಿರಿಟ್ಟಿನಲ್ಲಿ ಹಸುರು ತೆಗೆದು, ಪೇಲವವಾದ ಆ ಎಲೆಯ ಮೇಲೆ ಅಯೋಡಿನ್ ಬಿಟ್ಟರು. ಗೌಡರು ವಾಸನೆ ಹಿಡಿದರು.

"ಇದು ಟಿಂಚರ್ ಅಲ್ವಾ?"

"ಹೌದು, ಅದೇ ಜಾತಿ."

"ಗಾಯ ಆಗಿರಾದು ಎಲೆಗಲ್ಲ ಮೇಡಮ್ಮಾರೆ, ನಮ್ಗೆ."

ಎಲೆ ಕಪ್ಪು ನೀಲಿಗೆ ತಿರುಗಿತು. ಇವರು ಹಿಗ್ಗಿನಿಂದ ಎತ್ತಿ ಹಿಡಿದು, "ನೋಡಿ ಗೌಡ್ರೆ, ಅನ್ನದ ಗಂಜಿ ಇದ್ರೆ ಮಾತ್ರ ಈ ಬಣ್ಣ ಬರೋದು. ಎಲೆ ಒಳಗೆ ಅದಿದೆ" ಎಂದರು. ಗೌಡರು ಅದನ್ನು ಶಾಂತವಾಗಿ ನೋಡಿ, "ಟಿಂಚರ್ ಬಿದ್ರೆ ನನ್ ಕಾಲೂ ಕರ್ರಗಾಯ್ತದೆ" ಎಂದರು. ನನಗೆ ನಗು ಬಂದು ಕೆಮ್ಮಿದಂತೆ ಮಾಡಿದೆ. ಅವರು ದೀಪ ಆರಿಸಿದರು. ಅಷ್ಟು ಸೋತ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ.

ಆಗ ಗೌಡರ ಹೆಂಡತಿ ಬಂದವರು ಬರಿಗೈಯಲ್ಲಿ ಕೂರಬಾರದೆಂದು ತಟ್ಟೆಯಲ್ಲಿ ದ್ರಾಕ್ಷಿ ತಂದಿಟ್ಟರು. ಕಪ್ಪಗೆ ಹೊಳೆಯುವ ಗೊಂಚಲು. ಒಂದು ಹಣ್ಣು ಬಾಯಿಗೆ ಹಾಕಿಕೊಂಡ ಅವರು ಅಗಿಯುವುದನ್ನು ನಿಲ್ಲಿಸಿದರು.

"ಇದು ಎಲ್ಲೀದಮ್ಮ?"

"ನಮ್ದೇಯ. ಉತ್ತದ ತಾವ್ದು."

ತೋಟದ ಒಂದು ಮೂಲೆಯಲ್ಲಿ ಹುತ್ತವಿತ್ತು. ಬಳ್ಳಿ ಅದರ ಮೇಲಕ್ಕೂ ಹಬ್ಬಿತ್ತು. ಆ ಮನೆಯವರು ಅಲ್ಲಿ ಕತ್ತಿ ಆಡಿಸುವುದಿಲ್ಲ, ಎಲೆ ಕೀಳುವುದಿಲ್ಲ, ಕಳೆಯನ್ನೂ ತೆಗೆಯುವುದಿಲ್ಲ. ಅಲ್ಲಿಯ ಹಣ್ಣು ಸಂತೆಗೆ ಹೋಗುವುದಿಲ್ಲ, ಮನೆಗೆ ಬಂದವರಿಗೆ ಪ್ರಸಾದದಂತೆ ಕೊಡುತ್ತಾರೆ. ಹೀಗಾಗಿ ಅದನ್ನು ತೋಟದ ಹಣ್ಣಿನ ಜೊತೆ ಇಟ್ಟು ನೋಡುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಎಲ್ಲರೂ ತೋಟಕ್ಕೆ ಹೋದೆವು. ಚಪ್ಪರದ ಕೆಳಗೆ ನೆರಳೇ ಇರಲಿಲ್ಲ. ಬೋಳು ಬಳ್ಳಿಗಳ ನಡುವೆ ಆಕಾಶ, ಸಣ್ಣ ಹಸುರು ಕಾಯಿಗಳ ಗೊಂಚಲು, ಅಲ್ಲಲ್ಲಿ ಒಂದಿಷ್ಟು ಹೊಸ ಚಿಗುರು. ಮೂಲೆಯಲ್ಲಿ ಮಾತ್ರ ಎಲೆ ಒತ್ತಾಗಿ ಕವಿದು, ಕೆಳಗೆ ಹುತ್ತದ ಮೇಲೆ ಅರಿಶಿನ ಕುಂಕುಮ. ಅಲ್ಲಿ ಗೊಂಚಲುಗಳು ಕಡಿಮೆ, ಇದ್ದಷ್ಟೂ ನೀಲಿ. ಅವರು ಈ ಕಡೆಯದೊಂದು, ಆ ಕಡೆಯದೊಂದು ಬಿಡಿಸಿ ಗೌಡರ ಅಂಗೈಯಲ್ಲಿಟ್ಟರು. ಗೌಡರು ಮೊದಲನೆಯದನ್ನು ತಿಂದು ಮುಖ ಕಿವುಚಿದರು. ಎರಡನೆಯದನ್ನು ತಿಂದು ಹುತ್ತಕ್ಕೆ ಕೈ ಮುಗಿದರು.

"ಇದು ನಾಗಪ್ಪನ ಮೈಮೆ," ಎಂದರು.

ಇನ್ನು ಆಯಿತು ಎಂದುಕೊಂಡೆ. ಮಹಿಮೆಯೂ ಇಲ್ಲ ಮಣ್ಣೂ ಇಲ್ಲ ಎಂದು ಇವರು ಶುರುಮಾಡುತ್ತಾರೆ, ಗೌಡರು ನಮ್ಮನ್ನು ತೋಟದಿಂದ ಆಚೆ ಕಳಿಸುತ್ತಾರೆ. ಆದರೆ ಇವರು ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ತಾವೂ ಕೈ ಮುಗಿದು, "ಹೌದು ಗೌಡ್ರೆ. ಇಲ್ಲಿ ಎಲೆ ಕೀಳಕ್ಕೆ ಬಿಡದೆ ಕಾಪಾಡಿರೋನು ಅವನೇ" ಎಂದರು.

ಗೌಡರು ಅವರನ್ನು ನೋಡಿದರು. ಆಮೇಲೆ ಎಲೆಗಳನ್ನು ನೋಡಿದರು. ಬೋಳು ಚಪ್ಪರದ ಕಡೆಗೆ ತಿರುಗಿದರು.

"ಅಂಗಾರೆ ಬಾಯಿ?" ಎಂದರು ಕೊನೆಗೆ.

"ಬಾಯಿ ಅಂತ ನಾನು ಹೇಳಿದ್ದೇ ತಪ್ಪು. ನಿಮ್ಮ ಮಗಳು ಒಂದಕ್ಷರ ತಪ್ಪು ಹೇಳಿಲ್ಲ. ನಾನು ಕೊಟ್ಟಿದ್ದನ್ನ ನಿಮಗೆ ತಂದುಕೊಟ್ಟಳು."

"ಎಣ್ಮಗಿನ ಮಾತು ಕಟ್ಕೊಂಡು ತೋಟ ಬೋಳಿಸ್ದ ಅಂತ ಊರಾಗೆ ನಗ್ತಾವ್ರೆ ಮೇಡಮ್ಮಾರೆ. ಇನ್ ಅವ್ಳು ಏಳಿದ್ದು ಯಾವ್ದನ್ನ ನಂಬಾನ?"

ಇವರು ಆಗ ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ನಾನು ಎಷ್ಟೋ ವರ್ಷದಿಂದ ಪಾಠ ಮಾಡ್ತಾ ಇದೀನಿ. ಮಕ್ಕಳು ಬರ್ಕೋತಾರೆ, ಪಾಸಾಗ್ತಾರೆ, ಮರೀತಾರೆ. ಮಗಳು ಹೇಳಿದ ಪಾಠ ನಿಜ ಅಂತ ನಂಬಿ ತೋಟಕ್ಕಿಳಿದ ತಂದೇನ ನಾನು ನೋಡಿರ್ಲಿಲ್ಲ. ನೀವು ನಂಬಿದ್ದು ಸರಿ ಗೌಡ್ರೆ. ನನ್ನ ಪದ ಸರಿಯಿರ್ಲಿಲ್ಲ. ನನ್ನ ತಪ್ಪಿಗೆ ಅವಳನ್ನ ಮನೇಲಿ ಕೂರಿಸ್ಬೇಡಿ."

ನಾವು ಮನೆಗೆ ಹಿಂತಿರುಗಿ ಜಗಲಿಯ ಮೇಲೆ ಕೂತೆವು. ಒಳಗೆ ಕಾಫಿಗೆ ಒಲೆ ಹೊತ್ತಿಸಿದ್ದರು, ಹಸಿ ಸೌದೆಯ ಹೊಗೆ ಜಗಲಿಯವರೆಗೂ ಬರುತ್ತಿತ್ತು. ಅವರು ಎಲೆಯೊಂದನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹೇಳತೊಡಗಿದರು. "ಎಲೆ ಅಂದ್ರೆ ಬಳ್ಳಿಯ ಅಡುಗೆಮನೆ. ಬೇರು ನೀರು ಹೊತ್ತು ತಂದು ಕೊಡತ್ತೆ. ಒಲೆ ಸೂರ್ಯಂದು. ಗಾಳಿಯಿಂದ ಒಂದು ಸಾಮಾನು ಬರತ್ತೆ. ಎಲ್ಲಾ ಸೇರಿ ಬೆಂದು ಸಕ್ಕರೆ ಆಗತ್ತೆ. ಈ ನರದಲ್ಲಿ ಹರಿದು ಗೊಂಚಲಿಗೆ ಹೋಗತ್ತೆ. ಕಾಯಿ ತನ್ನಷ್ಟಕ್ಕೆ ತಾನೇ ಸಿಹಿ ಆಗಲ್ಲ ಗೌಡ್ರೆ, ಎಲೆ ಬಡಿಸಬೇಕು."

"ಅಡಿಗೆಮನೆ ಅಂದ್ರೆ ಗೊತ್ತಾಯ್ತದೆ," ಎಂದರು ಗೌಡರು. "ಅಡಿಗೆಮನ್ಯಾಗೆ ಬಾಯಿ ಯಾಕೆ?"

ಅವರು ತಡವರಿಸಿದರು. ನನ್ನ ಕಡೆ ತಿರುಗಿದರು. ಜೀವಮಾನದಲ್ಲಿ ಮೊದಲ ಬಾರಿ ನಿಜವಾಗಿ ಪದ ಬೇಡುವ ಕಣ್ಣಿನಿಂದ ತಿರುಗಿದರು. ನನ್ನ ತಲೆಯಲ್ಲಿದ್ದದ್ದು ಒಂದೇ ಪದ, ಅದು ಬೆಂದಿರಲಿಲ್ಲ ಎಂದು ಈಗ ನನಗೂ ಗೊತ್ತಿತ್ತು. ಅಷ್ಟರಲ್ಲಿ ಒಳಗೆ ಕೋಲಿನಿಂದ ಮಾಡಿನ ಹೊಗೆಗಂಡಿಯ ಮುಚ್ಚಳ ತಳ್ಳಿದ ಸದ್ದಾಯಿತು. ಹೊಗೆ ತಿಳಿಯಾಯಿತು.

"ಗವಾಕ್ಷಿ, ಮಿಸ್," ಎಂದಿತು ಬಾಗಿಲ ಹಿಂದಿನ ದನಿ.

"ದೊಡ್ಡೋರ್ ಮಾತಾಡ್ವಾಗ ನಿಂದೇನೇ?" ಎಂದು ತಾಯಿ ಗದರಿದರು. ಹುಡುಗಿ ಕೋಲು ಹಿಡಿದೇ ಹೊಸಿಲಿಗೆ ಬಂದಳು. "ಬಾಯಲ್ಲ ಮಿಸ್, ಗವಾಕ್ಷಿ. ಗಾಳಿ ಒಳೀಕ್ ಬರಕ್ಕೆ, ಆವಿ ಆಚೀಕ್ ಓಗಕ್ಕೆ. ಬಿಸ್ಲು ಜಾಸ್ತಿ ಆಗಿ ನೀರು ಕಮ್ಮಿ ಆದ್ರೆ ಮುಚ್ಕೊಂತದೆ ಅಂದಿದ್ರಲ್ಲ, ಅಂಗೆ" ಎಂದು ಒಂದೇ ಉಸಿರಿಗೆ ಹೇಳಿ ಅಪ್ಪನ ಮುಖ ನೋಡಿ ನಿಂತಳು.

"ಪಂಡಿತರೇ, ಕೇಳಿದ್ರಾ?" ಎಂದರು ಅವರು. ಕೇಳಿದ್ದೆ. ನನಗಾದ ಸಂತೋಷದಲ್ಲಿ ಅಸೂಯೆಯೂ ಒಂದು ಚಿಟಿಕೆ ಇತ್ತು.

ಗೌಡರು ಆ ದಿನ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ನೋಡಾನ" ಎಂದರು. ಇವರು ಹೊರಡುವ ಮುಂಚೆ, ಬಂದಿರುವ ಚಿಗುರು ಒಂದನ್ನೂ ಕೀಳಬೇಡಿ, ತಡವಾದರೂ ಅವು ಕೆಲಸ ಮಾಡುತ್ತವೆ ಎಂದು ಮಾತ್ರ ಹೇಳಿದರು. ಆಮೇಲಿನ ದಿನಗಳಲ್ಲಿ ಅವರು ತರಗತಿಗೆ ಹೋಗುವಾಗ ಮೊದಲು ಹುಡುಗಿಯರ ಬೆಂಚಿನ ತುದಿಯನ್ನು ನೋಡುತ್ತಿದ್ದರು. ಅದು ಖಾಲಿಯೇ ಇರುತ್ತಿತ್ತು. ರೈಲಿಗೆ ಹೋಗುವಾಗ ಕೋಗಿಲಿನ ದಾರಿಯ ಕಡೆಗೊಮ್ಮೆ ಕಣ್ಣು ಹಾಯಿಸುವರು. ನಾನು ನೋಡಿಯೂ ನೋಡದವನಂತೆ ನಡೆಯುತ್ತಿದ್ದೆ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಮುನಿಲಕ್ಷ್ಮಿ ಬೆಂಚಿನ ಮೇಲಿದ್ದಳು. ಮೇಜಿನ ಮೇಲೆ ಮುತ್ತುಗದ ಎಲೆಯಲ್ಲಿ ಕಟ್ಟಿದ ದ್ರಾಕ್ಷಿ. ಪೂರ್ತಿ ನೀಲಿಯಾಗಿರಲಿಲ್ಲ, ಹುಳಿಯೂ ಪೂರ್ತಿ ಹೋಗಿರಲಿಲ್ಲ. ಆದರೂ ತಿನ್ನಬಹುದಿತ್ತು. "ತೋಟದ್ದೇ ಮಿಸ್, ಉತ್ತದ್ದಲ್ಲ" ಎಂದಳು. ಜೊತೆಗೆ ಅಪ್ಪನ ಒಂದು ಷರತ್ತನ್ನೂ ತಂದಿದ್ದಳು: ಮುಂದಿನ ವರ್ಷ ಎಲೆಯ ಪಾಠ ಮಾಡುವ ದಿನ ತಮಗೂ ಹೇಳಿಕಳಿಸಬೇಕು. ಅವರು ಅರ್ಧ ನಗುತ್ತಾ ಅರ್ಧ ಕಣ್ಣೊರೆಸುತ್ತಾ ಆ ದ್ರಾಕ್ಷಿಯನ್ನು ತರಗತಿಗೆಲ್ಲ ಹಂಚಿದರು. ನನ್ನ ಪಾಲಿಗೆ ಬಂದದ್ದು ಹುಳಿ.

ಷರತ್ತನ್ನು ಅವರು ಮರೆಯಲಿಲ್ಲ. ಮುಂದಿನ ವರ್ಷ ಎಲೆಯ ಪಾಠದ ದಿನ ಗೌಡರು ಒಗೆದ ಪಂಚೆ, ಹೆಗಲ ಮೇಲೆ ಟವಲು ಹಾಕಿಕೊಂಡು ಬಂದು, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಕುರ್ಚಿ ಬೇಡವೆಂದು ಹಿಂದಿನ ಬೆಂಚಿನ ಮೇಲೆ ಮೊಣಕಾಲು ಮಡಿಸಿಕೊಂಡು ಕೂತರು. ಹೊಸ ಮಕ್ಕಳು ಪಿಸುಗುಟ್ಟಿದರು. ನನಗೆ ಆ ಹೊತ್ತಿನಲ್ಲಿ ತರಗತಿ ಇರಲಿಲ್ಲ, ಕಿಟಕಿಯ ಹತ್ತಿರ ನಿಂತೆ. ಅವರು ಕರಿಹಲಗೆಯ ಮೇಲೆ ಒಂದು ದ್ರಾಕ್ಷಿ ಎಲೆ ಬರೆದರು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, ಮೇಲಿನ ತರಗತಿಯಿಂದ ಮುನಿಲಕ್ಷ್ಮಿಯನ್ನು ಕರೆಸಿ, "ಈ ಪಾಠ ಇವತ್ತು ಇವಳು ಮಾಡ್ತಾಳೆ" ಎಂದು ತಾವು ಪಕ್ಕಕ್ಕೆ ಸರಿದು ನಿಂತರು.

ಹುಡುಗಿ ಮೊದಲು ಪುಸ್ತಕದ ಕನ್ನಡದಲ್ಲಿ ಶುರುಮಾಡಿದಳು. ‘ಎಲೆಯು ಸಸ್ಯದ’ ಎಂದು ಅಲ್ಲೇ ನಿಂತುಬಿಟ್ಟಳು. ಹಿಂದಿನ ಬೆಂಚಿನಲ್ಲಿ ಅಪ್ಪ ಕಂಡರು. ಉಸಿರೆಳೆದುಕೊಂಡು ಮನೆಯ ಮಾತಿಗೆ ಇಳಿದಳು. ಬೇರು ನೀರು ತರುವುದು, ಸೂರ್ಯನ ಒಲೆ, ಬೆನ್ನಿನ ಗವಾಕ್ಷಿ, ಬೆಂದ ಸಕ್ಕರೆ ಕಾಯಿಗೆ ಹರಿಯುವುದು, ಎಲ್ಲವನ್ನೂ ಹೇಳಿದಳು. ಎಲೆ ತಿನ್ನುವುದಿಲ್ಲ, ಬಡಿಸುತ್ತದೆ ಎಂದಳು. ಗೌಡರು ಮೊಣಕಾಲಿನ ಮೇಲೆ ಕೈ ಊರಿ ಮುಂದಕ್ಕೆ ಬಾಗಿದರು.

"ಇನ್ನೊಂದ್ ಕಿತ ಏಳಮ್ಮ," ಎಂದರು. "ಸರ್ಯಾಗ್ ಕೇಳುಸ್ಕಬೇಕು."

ಮುನಿಲಕ್ಷ್ಮಿ ಮಿಸ್ಸಿನ ಕಡೆ ನೋಡಲಿಲ್ಲ. ಅಪ್ಪನ ಕಡೆಗೇ ತಿರುಗಿ, ಮೊದಲಿನಿಂದ ಹೇಳಿದಳು.